‘30 ಮೀಟರ್’ ವಾಚು ಕಟ್ಟಿಕೊಂಡು ಈಜಬಹುದೇ? ಖಂಡಿತ ಬೇಡ

ವಾಚಿನ ಹಿಂಬದಿ ಮುಚ್ಚಳದಲ್ಲಿ ‘ವಾಟರ್ ರೆಸಿಸ್ಟೆಂಟ್ 30 ಮೀಟರ್’ ಎಂದಿದ್ದರೆ ಅಷ್ಟು ಆಳಕ್ಕೆ ಮುಳುಗಬಹುದು ಎಂಬ ಮಾತು ಹರಿದಾಡುತ್ತಲೇ ಇದೆ. ಇದು ತಪ್ಪು. ಆ ಅಂಕಿ ಮುಳುಗುವ ಆಳದ್ದಲ್ಲ, 3 ಬಾರ್ (ಒತ್ತಡದ ಅಳತೆ) ಒತ್ತಡದ ಪರೀಕ್ಷೆಯದು. ಕೈ ತೊಳೆಯುವಾಗ ಸಿಡಿಯುವ ನೀರು, ತುಂತುರು ಮಳೆ ತಡೆಯುತ್ತದೆ, ಅಷ್ಟೇ. ದಿನವೂ ಈಜುವವರು 100 ಮೀಟರಿನದನ್ನೇ ಕೊಳ್ಳಿ.

ನೀರನ್ನು ತಡೆಯುವುದು ಮುಚ್ಚಳದಡಿಯ, ಟೈಮ್ ಸರಿಮಾಡುವ ಕೀಯೊಳಗಿನ ತೆಳು ರಬ್ಬರ್ ಗ್ಯಾಸ್ಕೆಟ್‌ಗಳು. ಬಿಸಿನೀರು, ಸೋಪು, ಬೆವರು ತಾಗಿ ಅವು ಗಡುಸಾಗಿ ಬಿರುಕು ಬಿಡುತ್ತವೆ. ಹಾಗಾಗಿ 100 ಮೀಟರಿನ ವಾಚಾದರೂ ಸ್ನಾನಕ್ಕೆ ಮುಂಚೆ ಬಿಚ್ಚಿಡಿ. ನೀರಿನಲ್ಲಿರುವಾಗ ಕೀ ಎಳೆಯಲೇಬೇಡಿ. ಬ್ಯಾಟರಿ ಬದಲಿಸುವಾಗ ಗ್ಯಾಸ್ಕೆಟ್ ನೋಡಿ, ಚಪ್ಪಟೆಯಾಗಿದ್ದರೆ ಹೊಸದು ಹಾಕಿ, ಸಿಲಿಕೋನ್ ಗ್ರೀಸ್ ಸವರಿ ಕೊಡುವಂತೆ ಕೇಳಿ. ಗಾಜಿನ ಒಳಬದಿ ಮಂಜು ಕಟ್ಟಿದರೆ ಅಂದೇ ರಿಪೇರಿಗೆ ಕೊಡಿ; ತಡವಾದರೆ ಮಷಿನ್ ತುಕ್ಕು ಹಿಡಿಯುತ್ತದೆ.