ಸದ್ದು ಮಾಡಬೇಡ, ಪೈನ್ ಮರವೇ

ರಾತ್ರಿ ಹನ್ನೊಂದಕ್ಕೆ ನಾನು ಕೇಳುವ ಹಾಡಿನಲ್ಲಿ ನೂರಾರು ಸೈನಿಕರಿರುತ್ತಾರೆ. ಅದೇ ತೊಂದರೆ. ಮೊನ್ನೆ ಒಳಗಿನಿಂದ ಅಮ್ಮ ಕೂಗಿದರು: "ಯಾವ ಯುದ್ಧದ ಪಿಕ್ಚರೋ ಅದು? ಸ್ವಲ್ಪ ಸಣ್ಣಗಿಡು."

ಯುದ್ಧ ಅಲ್ಲಮ್ಮ, ಹಣ್ಣಿನ ಹಾಡು ಎಂದರೆ ಯಾರು ನಂಬುತ್ತಾರೆ? ರಷ್ಯಾದ ಸೈನ್ಯದ ಹಾಡುಗಾರರ ತಂಡ ಅಲೆಕ್ಸಾಂಡ್ರೊವ್ ಎನ್‌ಸೆಂಬಲ್, ಹೊರಗಿನವರ ಬಾಯಲ್ಲಿ ರೆಡ್ ಆರ್ಮಿ ಕಾಯರ್, ದೇಶ ದೇಶ ಸುತ್ತಿ ಹಾಡಿದ ಹಾಡು 'ಕಲಿಂಕಾ'. ಲಾರಿಯೊನೊವ್ ಎಂಬುವರು 1860ರಲ್ಲಿ ಬರೆದದ್ದು. ಕಲಿನಾ ಅಂದರೆ ಗೊಂಚಲು ಗೊಂಚಲಾಗಿ ಬಿಡುವ ಕೆಂಪು ಹಣ್ಣು. ಮುದ್ದಾಗಿ ಕರೆದರೆ ಕಲಿಂಕಾ. ಜೊತೆಗೊಂದು ಮಲಿಂಕಾ, ಅದು ರಾಸ್ಪ್‌ಬೆರಿ. ನಡುವೆ ಒಬ್ಬ ಪೈನ್ ಮರದ ಕೆಳಗೆ ಮಲಗಲು ನೋಡುತ್ತಾನೆ. "ನನ್ನ ತಲೆ ಮೇಲೆ ಸದ್ದು ಮಾಡಬೇಡ" ಅಂತ ಮರಕ್ಕೆ ಹೇಳುತ್ತಾನೆ. ಇಷ್ಟು ಹೇಳಲು ಎದೆ ತುಂಬ ಪದಕ ತೂಗಿಸಿಕೊಂಡ ಗಂಡಸರೆಲ್ಲ ಒಟ್ಟಿಗೆ ಗಂಟಲು ಬಿಡುತ್ತಾರೆ. ಮರದ್ದೇನು ತಪ್ಪು?

ಮೊದಲು ಒಬ್ಬನೇ ನಿಂತು ಒಂದು ಸ್ವರ ಎಳೆಯುತ್ತಾನೆ. ಎಳೆದೇ ಎಳೆಯುತ್ತಾನೆ. ಕೇಳುವ ನಮಗೇ ಉಸಿರು ಕಟ್ಟುತ್ತದೆ. ಹಿಂದಿನ ಸಾಲುಗಳು ಕಲ್ಲಿನ ಹಾಗೆ ನಿಂತಿರುತ್ತವೆ. ಆಮೇಲೆ ಕಳ್ಳಹೆಜ್ಜೆಯಲ್ಲಿ "ಕಲಿಂಕಾ, ಕಲಿಂಕಾ" ಶುರು. ಸ್ಟೇಷನ್ ಬಿಟ್ಟ ರೈಲಿನ ಹಾಗೆ ಮೆಲ್ಲಗೆ ಹೊರಟದ್ದು, ನೋಡನೋಡುತ್ತ ಎಕ್ಸ್‌ಪ್ರೆಸ್.

1928ರಲ್ಲಿ ಮಾಸ್ಕೋದಲ್ಲಿ ಶುರುವಾದಾಗ ತಂಡದಲ್ಲಿದ್ದವರು ಬರೀ 12 ಜನ. ಎಂಟು ಗಾಯಕರು, ಇಬ್ಬರು ಕುಣಿಯುವವರು, ಒಬ್ಬ ಬಯಾನ್ ನುಡಿಸುವವ (ನಮ್ಮ ಹಾರ್ಮೋನಿಯಮ್ಮಿನ ದೂರದ ನೆಂಟ, ಎದೆಗೆ ನೇತುಹಾಕಿಕೊಳ್ಳುವಂಥದ್ದು), ಒಬ್ಬ ಮಾತುಗಾರ. 1937ಕ್ಕೆ ಪ್ಯಾರಿಸ್ಸಿನ ವಸ್ತುಪ್ರದರ್ಶನದಲ್ಲಿ ಗ್ರ್ಯಾನ್ ಪ್ರಿ ಎಂಬ ದೊಡ್ಡ ಬಹುಮಾನ ಗೆದ್ದುಕೊಂಡು ಬಂದಾಗಿತ್ತು.

ನನ್ನನ್ನು ಕಾಡುವುದು 1948ರ ಬರ್ಲಿನ್. ಬಾಂಬು ಬಿದ್ದು ಪಾಳಾದ ಚೌಕ. ಮೂರೇ ವರ್ಷದ ಹಿಂದೆ ಊರನ್ನು ಗೆದ್ದ ಸೈನ್ಯ ಈಗ ಹಾಡಲು ನಿಂತಿದೆ. ಪ್ರಚಾರಕ್ಕೇ ಹಾಡಿದ್ದು, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೂ ತಂಡದ ಗಾಯಕ ವಿಕ್ತರ್ ನಿಕಿತಿನ್ ಕಲಿಂಕಾ ಹಾಡಿದಾಗ ಸೋತ ಊರಿನ ಜನ ಬಿಡಲಿಲ್ಲ, ಮತ್ತೆ ಹಾಡಿಸಿದರು. ಜರ್ಮನ್ ಜನಪದ ಗೀತೆಯನ್ನೂ ಜರ್ಮನ್‌ನಲ್ಲೇ ಹಾಡಿ ಬಂದರು. ಮನೆಗೆ ಬಂದ ನೆಂಟ ನಮ್ಮ ಮಾತನ್ನೇ ತಪ್ಪುತಪ್ಪಾಗಿ ಆಡಿದರೆ ನಾವೂ ಒಂದು ಹೋಳಿಗೆ ಜಾಸ್ತಿ ಬಡಿಸುತ್ತೇವೆ, ಅಲ್ವಾ?

ತಂಡ ಕಟ್ಟಿದ ಅಲೆಕ್ಸಾಂಡರ್ ಅಲೆಕ್ಸಾಂಡ್ರೊವ್ 1946ರಲ್ಲಿ ತೀರಿಕೊಂಡದ್ದೂ ಬರ್ಲಿನ್‌ನಲ್ಲೇ, ಪ್ರವಾಸದಲ್ಲಿ. 2016ರ ಡಿಸೆಂಬರ್ 25ರಂದು ಸಿರಿಯಾಕ್ಕೆ ಹಾಡಲು ಹೊರಟವರ ವಿಮಾನ ಕಪ್ಪು ಸಮುದ್ರಕ್ಕೆ ಬಿತ್ತು. ಸತ್ತ 92 ಜನರಲ್ಲಿ 64 ಮಂದಿ ಈ ತಂಡದವರು. ಆ ವಾರ ನಾನು ಈ ಹಾಡು ಹಾಕಲಿಲ್ಲ.

ಈಗ ಹಾಕುವುದು ಜಾಸ್ತಿ 1993ರ ಹೆಲ್ಸಿಂಕಿಯದ್ದು. ಕೊಂಬಿನ ಹಾಗೆ ಮುಂದಕ್ಕೆ ಚಾಚಿದ ಕೂದಲು, ಅಷ್ಟೇ ಚೂಪಾದ ಬೂಟು ಹಾಕಿದ ಫಿನ್‌ಲ್ಯಾಂಡಿನ ರಾಕ್ ತಂಡ ಮುಂದೆ. ಹಿಂದೆ ಯೂನಿಫಾರ್ಮಿನಲ್ಲಿ ಇವರು. ಸೋವಿಯತ್ ಒಕ್ಕೂಟ ಮುರಿದು ಎರಡು ವರ್ಷವೂ ತುಂಬಿಲ್ಲ, ಇವರು ಅಮೆರಿಕದ ಪಾಪ್ ಹಾಡಿಗೆ ದನಿಗೂಡಿಸುತ್ತಿದ್ದಾರೆ. ಅಲ್ಲೂ ಕಲಿಂಕಾ ಬರುತ್ತದೆ. ಗಿಟಾರು, ಡ್ರಮ್ಮು, ಚೌಕದ ತುಂಬ ಜನ. ಅಷ್ಟೂ ಗಲಾಟೆಯ ನಡುವೆ ಬೈಗುಳ ಮಾತ್ರ ಆ ಪೈನ್ ಮರಕ್ಕೇ.