ಇನ್ನೂ ಆರು ಕೆ.ಜಿ. ಬಾಕಿ

ಗಾಡಿಯ ಹಿಂದೆ ಕಟ್ಟಿದ ಸಾಮಾನಿಗೆ ಒಂದು ಗುಣವಿದೆ. ಗಾಡಿ ಓಡಿಸುವವರೊಬ್ಬರನ್ನು ಬಿಟ್ಟು ಊರಿಗೆಲ್ಲ ಅದು ಕಾಣುತ್ತದೆ. ಕಂಡವರು ಸುಮ್ಮನಿರುವುದಿಲ್ಲ. ಅದರಲ್ಲೂ ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯಲ್ಲಿ.

ನಮ್ಮ ಭಾವ ಬ್ಯಾಂಕಿನಿಂದ ರಿಟೈರ್ ಆದ ಮೇಲೆ ಒಂದು ಕ್ಯಾಂಪರ್ ವ್ಯಾನು ಮಾಡಿಸಿಕೊಂಡಿದ್ದಾರೆ. ಒಳಗೆ ಹಾಸಿಗೆ, ಗ್ಯಾಸ್ ಒಲೆ, ಸಿಂಕು ಎಲ್ಲ ಇದೆ. ನಮ್ಮ ಮನೆಗೆ ಬಂದರೂ ಅಂಗಳದಲ್ಲಿ ವ್ಯಾನು ನಿಲ್ಲಿಸಿ ತಮ್ಮ ಮನೆಯಲ್ಲೇ ಮಲಗುತ್ತಾರೆ. ಊಟಕ್ಕೆ ಮಾತ್ರ ನಮ್ಮಲ್ಲಿಗೆ ಬರುತ್ತಾರೆ.

ಈ ಸಲ ಬಂದಾಗ ವ್ಯಾನಿನ ಬೆನ್ನಿಗೆ ಒಂದು ಕ್ಯಾರಿಯರ್, ಅದರಲ್ಲಿ ಎರಡು ಎಲೆಕ್ಟ್ರಿಕ್ ಸೈಕಲ್. ಆಗುಂಬೆಯಲ್ಲಿ ಅಕ್ಕನೂ ತಾವೂ ಸೈಕಲ್ ಹೊಡೆಯಬೇಕಂತೆ. ಅದೂ ಜೂನ್ ತಿಂಗಳಲ್ಲಿ! ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಊರದು. ಹೇಳುವವರು ಯಾರು? ಶಿವಮೊಗ್ಗದಲ್ಲಿ ನಾನೂ ಹತ್ತಿ ಕುಳಿತೆ.

ಭಾವ ಲೆಕ್ಕದ ಮನುಷ್ಯ. ಕ್ಯಾರಿಯರ್ ಮೇಲೆ 50 ಕೆ.ಜಿ. ಮಿತಿ ಎಂದು ಚೀಟಿ ಅಂಟಿಸಿದೆ. ಅಕ್ಕನ ಸೈಕಲ್ 24, ಭಾವನದು 26. ಮೊದಲಿಗೆ ಲೆಕ್ಕ ಚುಕ್ತಾ ಆಯಿತೆಂದು ಖುಷಿಪಟ್ಟರಂತೆ. ಆಮೇಲೆ ಯೋಚನೆ ಹತ್ತಿತು. ಸೈಕಲ್‌ಗಳ ತೂಕ 50 ಎನ್ನುವುದು ನಿಂತ ಗಾಡಿಯ ಲೆಕ್ಕ. ರಸ್ತೆಯ ಹಂಪಿನ ಮೇಲೆ ಗಾಡಿ ಎದ್ದು ಕುಕ್ಕಿದಾಗ ಕ್ಯಾರಿಯರ್ ಮೇಲೆ ಬೀಳುವ ಪೆಟ್ಟೇ ಬೇರೆ. ಜೊತೆಗೆ ಆ ಭಾರ ಹಿಂದಿನ ಚಕ್ರದಿಂದಲೂ ಆಚೆ ನೇತಾಡುತ್ತಿರುತ್ತದೆ. ದೋಟಿಯ ತುದಿಗೆ ಅಡಿಕೆ ಗೊನೆ ಸಿಕ್ಕಿದಾಗ ಬುಡ ಹಿಡಿದವನಿಗೆ ಆಗುವ ಪಾಡೇ ಇಲ್ಲಿ ಗಾಡಿಗೆ. ಹಿಂದೆ ಹೇರಿದಷ್ಟೂ ಮುಂದಿನ ಚಕ್ರ ಹಗುರಾಗುತ್ತದೆ.

ಅದಕ್ಕೇ ಎರಡೂ ಸೈಕಲ್‌ಗಳ ಬ್ಯಾಟರಿ ಬಿಚ್ಚಿ ಒಳಗಿಟ್ಟಿದ್ದರು. ಒಂದೊಂದು 3 ಕೆ.ಜಿ. ಹಿಂದಿನ ಭಾರ 44ಕ್ಕೆ ಇಳಿಯಿತು. ಬ್ಯಾಟರಿಗೆ ಮಳೆ ನೀರೂ ತಾಗುವುದಿಲ್ಲ, ಕುಲುಕಾಟವೂ ಇಲ್ಲ. ಅವಕ್ಕೆ ಹಾಸಿಗೆ ಮೇಲೆ, ಟವೆಲ್ ಸುತ್ತಿ, ಜಾಗ. "ನಾನು ಬೆನ್ನು ನೋವು ಅಂದ್ರೆ ಇಷ್ಟು ಉಪಚಾರ ಇಲ್ಲ ನೋಡು," ಎಂದಳು ಅಕ್ಕ.

ಸೈಕಲ್‌ಗಳು ನೆನೆಯದಿರಲೆಂದು ಅವಳೇ ನೀಲಿ ಟಾರ್ಪಾಲು ಹೊದಿಸಿದ್ದಳು. ಗಾಜನೂರು ದಾಟುತ್ತಿದ್ದಂತೆ ಎದುರಿನಿಂದ ಬಂದ ಬೈಕಿನವರೊಬ್ಬರು ನಮ್ಮನ್ನು ದಾಟಿದ ಮೇಲೆ ತಿರುಗಿ ಕೈಬೀಸಿದರು. ಭಾವನೂ ಕನ್ನಡಿಯಲ್ಲಿ ನೋಡಿ ಕೈಬೀಸಿದರು. ಸಕ್ರೆಬೈಲಿನ ಆನೆ ಬಿಡಾರದ ಹತ್ತಿರ ಎಳನೀರು ಮಾರುವವನು ಕೂಗಿ ಕೈ ಮಾಡಿದ. ಹಿಂದಿನಿಂದ ಬಂದ ಬಸ್ಸಿನವನಂತೂ ಹಾರ್ನ್ ಹೊಡೆದೂ ಹೊಡೆದೂ ಸುಸ್ತಾದ. "ಎಷ್ಟು ಒಳ್ಳೆ ಜನ ಮಾರಾಯ ನಿಮ್ಮ ಕಡೆ!" ಎಂದರು ಭಾವ. ಮಂಡಗದ್ದೆಯಲ್ಲಿ ಹಕ್ಕಿ ನೋಡಲು ಇಳಿದಾಗ ಗೊತ್ತಾಯಿತು. ಟಾರ್ಪಾಲಿನ ಒಂದು ಕಿವಿ ಮಾತ್ರ ಹಗ್ಗದಲ್ಲಿ ಉಳಿದಿತ್ತು. ಗಾಳಿ ತುಂಬಿಕೊಂಡು ಉಳಿದದ್ದು ಎಲ್ಲೋ ಹಾರಿಹೋಗಿತ್ತು.

ಮುಂದೆ ಪೊಲೀಸರು ಕೈ ಅಡ್ಡ ಹಾಕಿದರು. "ನಂಬರ್ ಎಲ್ರೀ?" ಎಂದು ಸೈಕಲ್ ಕಡೆ ಬೊಟ್ಟು ಮಾಡಿದರು. ಭಾವ ಇಂಥ ಗಳಿಗೆಗೇ ಕಾಯುತ್ತಿದ್ದರೇನೋ. ಮೋಟಾರು 250 ವ್ಯಾಟಿನ ಒಳಗಿದ್ದು, ಗಂಟೆಗೆ 25 ಕಿಲೋಮೀಟರಿನ ಒಳಗೇ ಓಡುವ ಸೈಕಲ್ಲಿಗೆ ನೋಂದಣಿ ಬೇಡ, ಲೈಸೆನ್ಸೂ ಬೇಡ ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ಪೊಲೀಸರು ಪೂರ್ತಿ ಕೇಳಿಸಿಕೊಂಡರು. "ಸರಿ ಸಾರ್. ನಾನು ಕೇಳಿದ್ದು ವ್ಯಾನಿನ ನಂಬರ್. ಸೈಕಲ್ ಅಡ್ಡ ಬಂದು ಕಾಣ್ತಾನೇ ಇಲ್ಲ. ಬ್ರೇಕ್ ಲೈಟೂ ಇಲ್ಲ." ರಸ್ತೆ ಬದಿಯಲ್ಲೇ ಸೈಕಲ್ ಸರಿಸಿ, ಕ್ಯಾರಿಯರನ್ನು ಒಂದು ತೂತು ಮೇಲಕ್ಕೆ ಏರಿಸಿ, ನಂಬರೂ ಲೈಟೂ ಕಾಣುವ ಹಾಗೆ ಮಾಡಿದ್ದಾಯಿತು. ಎತ್ತಿದ್ದು ನಾನು. 23 ಕೆ.ಜಿ. ಎನ್ನುವುದು ಎದೆಮಟ್ಟಕ್ಕೆ ಎತ್ತುವವರೆಗೆ ಬರೀ ಅಂಕಿ.

ತೀರ್ಥಹಳ್ಳಿಯಲ್ಲಿ ಕಾಫಿಗೆ ನಿಲ್ಲಿಸಿದಾಗ ಅಡಿಕೆ ಮೂಟೆ ಸಾಗಿಸುವ ಪಿಕಪ್‌ನವನೊಬ್ಬ ಬಂದು ಸುತ್ತ ನೋಡಿದ. ಯಾರೂ ಕರೆದಿರಲಿಲ್ಲ. "ಘಾಟಿ ಇಳೀತೀರಾ?" ಎಂದ. ಹೌದೆಂದೆವು. "ಹೀಗೆ ಕಟ್ಟಿದ್ರೆ ನೀವು ಒಂದು ತಿರುವಲ್ಲಿ, ಸೈಕಲ್ ಇನ್ನೊಂದು ತಿರುವಲ್ಲಿ." ಭಾವ ಕಟ್ಟಿದ್ದ ರಬ್ಬರ್ ಟ್ಯೂಬನ್ನು ಬಿಚ್ಚಿ ಅವರ ಕೈಗೇ ಕೊಟ್ಟ. ಟ್ಯೂಬು ಹಿಗ್ಗುತ್ತದೆ, ಹಂಪು ಬಂದಾಗ ಸೈಕಲ್ಲೂ ಎದ್ದು ಕೂರುತ್ತದೆ ಎಂದ. ಭಾರದ್ದನ್ನು ಗಾಡಿ ಕಡೆಗೆ, ಹಗುರದ್ದನ್ನು ಹೊರಗೆ ಇಟ್ಟ. ಒಂದರ ಮುಖ ಆಚೆ, ಇನ್ನೊಂದರದ್ದು ಈಚೆ. ಹ್ಯಾಂಡಲ್‌ಗಳನ್ನು ಗಾಡಿಯ ಅಗಲದಿಂದ ಹೊರಚಾಚದ ಹಾಗೆ ತಿರುಗಿಸಿದ. ಚಕ್ರಗಳನ್ನೂ ಬೆಲ್ಟಿನಿಂದ ಕಟ್ಟಿದ. ಕೊನೆಗೆ ಸೈಕಲ್ ಹಿಡಿದು ಜೋರಾಗಿ ಜಗ್ಗಿದ. ಸೈಕಲ್ ಅಲ್ಲಾಡಲಿಲ್ಲ, ವ್ಯಾನೇ ಅಲ್ಲಾಡಿತು. ಒಳಗೆ ಕೂತಿದ್ದ ಅಕ್ಕನ ಕಾಫಿ ಚೆಲ್ಲಿತು. ಕಟ್ಟುವುದೆಂದರೆ ಹೀಗೆ, ಅಲ್ವಾ? "ಹತ್ತು ಕಿಲೋಮೀಟರ್ ಹೋದ್ಮೇಲೆ ಇಳಿದು ಬೆಲ್ಟು ಒಂದ್ಸಲ ನೋಡಿ," ಎಂದು ಹೋದ. ದುಡ್ಡು ಕೊಟ್ಟರೆ ಮುಟ್ಟಲಿಲ್ಲ.

ಊರು ಮುಟ್ಟಿ ನಮ್ಮ ಮನೆಯಲ್ಲಿ ಸೈಕಲ್ ಇಳಿಸಿದ್ದೇ ತಡ, ಮಳೆ ಹಿಡಿಯಿತು. ಸೈಕಲ್ ಸವಾರಿಯ ಬಗ್ಗೆ ಇನ್ನೇನೂ ಬರೆಯುವ ಹಾಗಿಲ್ಲ. ಭಾವ ಜಗಲಿಯಲ್ಲಿ ಬ್ಯಾಟರಿಗಳನ್ನು ಒರೆಸುತ್ತಾ ಕೂತರು.

ಹೊರಡುವ ದಿನ ಸೈಕಲ್‌ಗಳನ್ನು ಮತ್ತೆ ಬಿಗಿದೆವು. ಅಷ್ಟರಲ್ಲಿ ಅಮ್ಮ ತೋಟದ ಆಳಿನ ತಲೆ ಮೇಲೆ ಹಲಸಿನ ಹಣ್ಣು ಹೊರಿಸಿಕೊಂಡು ಬಂದರು. ಹಿಂದೆ ಕಟ್ಟಬೇಕಂತೆ. ಭಾವ ಚೀಟಿ ತೋರಿಸಿದರು.

"ಐವತ್ತು ಅಂತ ಇದೆಯಲ್ಲ. ನೀವೇ ನಲವತ್ತನಾಲ್ಕು ಅಂದ್ರಿ. ಇನ್ನೂ ಆರು ಕೆ.ಜಿ. ಬಾಕಿ ಇದೆ," ಎಂದರು ಅಮ್ಮ.

"ಅದು ಹಂಪಿಗೆ ಅಂತ ಬಿಟ್ಟಿದ್ದು ಅತ್ತೆ."

"ಹಂಪು ಬಂದಾಗ ಇಳಿದು ಕೈಲಿ ಹಿಡ್ಕೊಂಡ್ರಾಯ್ತು."

ಆಳು ಹೊತ್ತು ಬಂದು ಏದುಸಿರು ಬಿಡುತ್ತಿದ್ದ. ಅದು ಆರು ಕೆ.ಜಿ. ಆಗಿರಲು ಸಾಧ್ಯವೇ ಇರಲಿಲ್ಲ. ಕೊನೆಗೆ ಹಣ್ಣು ಹಾಸಿಗೆ ಮೇಲೆ ಹೋಯಿತು, ಬ್ಯಾಟರಿಗಳು ಅಕ್ಕನ ಕಾಲ ಬುಡಕ್ಕೆ ಬಂದವು. ಸಂಜೆ ಅವಳ ಫೋನ್. ಆಗುಂಬೆ ಘಾಟಿಯ 14 ತಿರುವಿನಲ್ಲೂ ಸೈಕಲ್ ಒಂದಿಷ್ಟೂ ಅಲ್ಲಾಡಲಿಲ್ಲವಂತೆ. ಹಲಸಿನ ಹಣ್ಣು ಮಾತ್ರ ಸೋಮೇಶ್ವರ ಮುಟ್ಟುವವರೆಗೂ ಈ ಗೋಡೆಯಿಂದ ಆ ಗೋಡೆಗೆ ಉರುಳುತ್ತಲೇ ಇತ್ತಂತೆ.