ಟ್ಯಾಪೆಟ್ ನೋಡಲು ಮನೆಯಂಗಳವೇ ಸರಿ

ಸ್ಕೂಟರಿನ ಎಂಜಿನ್ ಟಿಕ್ ಟಿಕ್ ಎಂದರೆ ಉಡುಪಿಯಲ್ಲಿ ನಮ್ಮವರಿಗೆ ಕೂಡಲೇ ಚಿಂತೆ ಶುರು. "ಟ್ಯಾಪೆಟ್ ಸೌಂಡ್ ಬರ್ತಾ ಉಂಟು" ಅಂತ ಗ್ಯಾರೇಜಿಗೆ ಓಡುತ್ತಾರೆ. ಸದ್ದು ಇಲ್ಲದಿದ್ದರೆ ಎಂಜಿನ್ ಕಡೆ ತಿರುಗಿಯೂ ನೋಡುವುದಿಲ್ಲ. ಕೆಲವು ವರ್ಷಗಳಿಂದ ಜರ್ಮನಿಯಲ್ಲಿದ್ದೇನೆ. ಇಲ್ಲಿನವರು ಸ್ಕೂಟರ್ ನೋಡಿಕೊಳ್ಳುವ ಕ್ರಮ ಕಂಡ ಮೇಲೆ ನನ್ನ ಅಭಿಪ್ರಾಯ ಬದಲಾಗಿದೆ. ಸದ್ದು ಮಾಡುವ ಸ್ಕೂಟರಿಗಿಂತ ಸದ್ದೇ ಮಾಡದ ಸ್ಕೂಟರಿನ ಟ್ಯಾಪೆಟ್ಟನ್ನು ಮೊದಲು ನೋಡಬೇಕು. ಅದನ್ನು ನೋಡಲು ಎಲ್ಲಕ್ಕಿಂತ ಒಳ್ಳೆಯ ಜಾಗ ನಮ್ಮ ಮನೆಯ ಅಂಗಳ.

ಈ ಟ್ಯಾಪೆಟ್ ಗ್ಯಾಪ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಫೋರ್ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲ್ ಮತ್ತು ಗಾಳಿ ಒಳಗೆ ಬರಲು ಒಂದು ವಾಲ್ವ್, ಸುಟ್ಟ ಹೊಗೆ ಹೊರಗೆ ಹೋಗಲು ಇನ್ನೊಂದು ವಾಲ್ವ್. ಅವನ್ನು ಒತ್ತಿ ತೆರೆಯುವುದು ರಾಕರ್ ಆರ್ಮ್. ವಾಲ್ವ್ ಮುಚ್ಚಿರುವಾಗ ರಾಕರಿಗೂ ವಾಲ್ವಿನ ತುದಿಗೂ ನಡುವೆ ಸ್ವಲ್ಪ ಸಂದು ಇರಲೇಬೇಕು. ನನ್ನ ಹಳೆಯ ವೆಸ್ಪಾ ಎಲ್‌ಎಕ್ಸ್ 125ರಲ್ಲಿ ಈ ಸಂದು ಇನ್‌ಲೆಟ್ ಕಡೆ 0.10 ಮಿಲಿಮೀಟರ್, ಎಕ್ಸಾಸ್ಟ್ ಕಡೆ 0.15. ಪ್ರಿಂಟರಿಗೆ ಹಾಕುವ ಒಂದು ಹಾಳೆಯ ದಪ್ಪವೇ ಸುಮಾರು 0.10. ಎಕ್ಸಾಸ್ಟ್ ವಾಲ್ವ್ ಜಾಸ್ತಿ ಕಾಯುತ್ತದೆ, ಕಾದಷ್ಟೂ ಉದ್ದವಾಗುತ್ತದೆ. ಹಾಗಾಗಿ ಅಲ್ಲಿ ಸಂದು ಜಾಸ್ತಿ ಬೇಕು. ನಿಮ್ಮ ಸ್ಕೂಟರಿನ ಅಳತೆ ಬೇರೆ ಇರುತ್ತದೆ, ಅದರ ಪುಸ್ತಕದಲ್ಲೇ ನೋಡಿಕೊಳ್ಳಿ. ಪಕ್ಕದ ಮನೆಯವರ ಅಳತೆ ನಮಗೆ ಆಗುವುದಿಲ್ಲ.

ಸಂದು ಜಾಸ್ತಿಯಾದರೆ ರಾಕರ್ ಹೋಗಿ ವಾಲ್ವಿನ ತುದಿಗೆ ಬಡಿಯುತ್ತದೆ. ಆಗ ಬರುವುದೇ ಆ ಟಿಕ್ ಟಿಕ್. ವಾಲ್ವ್ ತಡವಾಗಿ ತೆರೆದು ಬೇಗ ಮುಚ್ಚುತ್ತದೆ, ಪಿಕಪ್ ಸ್ವಲ್ಪ ಇಳಿಯುತ್ತದೆ, ರಾಕರ್ ಸವೆಯುತ್ತದೆ. ಒಳ್ಳೆಯದಲ್ಲ, ಆದರೆ ಕಿವಿಗೆ ಕೇಳುತ್ತದಲ್ವಾ? ಸಂದು ಕಮ್ಮಿಯಾದರೆ ಅದೂ ಇಲ್ಲ. ವಾಲ್ವ್ ಪೂರ್ತಿ ಮುಚ್ಚದೆ ಕೂದಲೆಳೆಯಷ್ಟು ತೆರೆದೇ ಇರುತ್ತದೆ. ವಾಲ್ವ್ ತನ್ನ ಬಿಸಿಯನ್ನು ಬಹುಪಾಲು ಬಿಟ್ಟುಕೊಡುವುದು ತನ್ನ ಸೀಟಿನ ಮೇಲೆ, ಅಂದರೆ ಮುಚ್ಚುವಾಗ ಅದು ಒರಗುವ ಅಂಚಿನ ಮೇಲೆ, ಗಟ್ಟಿಯಾಗಿ ಕೂತಿರುವ ಹೊತ್ತಿನಲ್ಲಿ. ಸರಿಯಾಗಿ ಕೂರದಿದ್ದರೆ ಬಿಸಿ ಹೋಗುವ ದಾರಿಯೇ ಇಲ್ಲ. ಸಾಲದ್ದಕ್ಕೆ ಉರಿಯುವ ಗ್ಯಾಸ್ ವಾಲ್ವಿಗೂ ಸೀಟಿಗೂ ನಡುವೆ ನುಗ್ಗಿ ವಾಲ್ವಿನ ಅಂಚನ್ನು ಸುಡುತ್ತದೆ. ಸಿಲಿಂಡರಿನೊಳಗಿನ ಒತ್ತಡ, ಅಂದರೆ ಕಂಪ್ರೆಶನ್, ಹೋಗುತ್ತದೆ. ಕೊನೆಗೆ ವಾಲ್ವುಗಳು ಕೂತಿರುವ ಹೆಡ್ ಬಿಚ್ಚುವ ಖರ್ಚು. ಇಷ್ಟೆಲ್ಲ ಆಗುವಾಗ ಎಂಜಿನ್ ಮಾತ್ರ ಮೊದಲಿಗಿಂತ ಮೆತ್ತಗೆ ಓಡುತ್ತಿರುತ್ತದೆ.

ನಮ್ಮೂರಿನ ಮೆಕ್ಯಾನಿಕ್‌ಗಳ ಬಗ್ಗೆ ನನಗೆ ತುಂಬ ಗೌರವ ಉಂಟು. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಯಾವ ಬೇರಿಂಗ್ ಹೋಗಿದೆ ಅಂತ ಹೇಳುವವರನ್ನು ಕಲ್ಸಂಕದಲ್ಲೂ ನೋಡಿದ್ದೇನೆ, ಮಂಗಳೂರಿನ ಕಂಕನಾಡಿಯಲ್ಲೂ ನೋಡಿದ್ದೇನೆ. ಅಂಥ ಕಿವಿ ಇಲ್ಲಿನ ದೊಡ್ಡ ವರ್ಕ್‌ಶಾಪುಗಳಲ್ಲಿ ನನಗೆ ಸಿಕ್ಕಿಲ್ಲ. ಆದರೆ ಟ್ಯಾಪೆಟ್ ವಿಷಯದಲ್ಲಿ ಕಿವಿ ಅರ್ಧ ಮಾತ್ರ ಹೇಳುತ್ತದೆ. ಸಡಿಲವನ್ನು ಅದು ಹಿಡಿಯುತ್ತದೆ, ಬಿಗಿಯನ್ನು ಹಿಡಿಯುವುದಿಲ್ಲ. ಗಿರಾಕಿ ಸದ್ದಿನ ದೂರು ಹೇಳಿ ಪಕ್ಕದಲ್ಲೇ ನಿಂತಿರುತ್ತಾನೆ. ಸದ್ದು ಹೋಗುವವರೆಗೆ ಸ್ಕ್ರೂ ತಿರುಗಿಸಿದರೆ ಅವನಿಗೆ ಖುಷಿ. ಹಾಗೆ ತಿರುಗಿಸಿದ್ದು ಸರಿ ಅಳತೆಗೆ ನಿಂತಿತೋ, ಅದನ್ನೂ ದಾಟಿ ಬಿಗಿಯಾಯಿತೋ ಎನ್ನುವುದು ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ಲೋಹದ ಎಲೆಗಳ ಕಟ್ಟು, ಹಾಕಿದರೆ ಮಾತ್ರ ಗೊತ್ತು.

ಇದಕ್ಕಿಂತ ದೊಡ್ಡ ತೊಡಕು ಬಿಸಿಯದ್ದು. ಈ ಅಳತೆಗಳೆಲ್ಲ ತಣ್ಣಗಿನ ಎಂಜಿನ್ನಿಗೆ. ಹೋಂಡಾದ ಸರ್ವಿಸ್ ಪುಸ್ತಕಗಳಲ್ಲಿ 35 ಡಿಗ್ರಿಗಿಂತ ಕೆಳಗೆ ಎಂದು ಬರೆದಿರುತ್ತದೆ. ನಮ್ಮ ಕರಾವಳಿಯಲ್ಲಿ ಏಪ್ರಿಲ್ ಮಧ್ಯಾಹ್ನ ನೆರಳಲ್ಲಿ ನಿಂತ ಗಾಳಿಯೇ ಅದರ ಹತ್ತಿರ ಹತ್ತಿರ ಇರುತ್ತದೆ. ಇನ್ನು ಸಂತೆಕಟ್ಟೆಯಿಂದ ಹೈವೇಯಲ್ಲಿ ಓಡಿಸಿಕೊಂಡು ಬಂದ ಸ್ಕೂಟರಿನ ಹೆಡ್ ಎಷ್ಟು ಕಾದಿರುತ್ತದೆ ಯೋಚಿಸಿ. ಅದು ತಣಿಯಲು ಗಂಟೆಗಟ್ಟಲೆ ಬೇಕು. ಗ್ಯಾರೇಜಿನವರಿಗೆ ಅಷ್ಟು ಹೊತ್ತು ಎಲ್ಲಿದೆ? ಸಂಜೆಯೊಳಗೆ ಸಾಲು ಗಾಡಿಗಳನ್ನು ಕೊಡಬೇಕು. ಇದರಲ್ಲಿ ಅವರ ತಪ್ಪು ಏನೂ ಇಲ್ಲ. ಗ್ಯಾರೇಜಿಗೆ ಗಾಡಿ ಓಡಿಸಿಕೊಂಡೇ ಹೋಗಬೇಕು, ಓಡಿಸಿದರೆ ಎಂಜಿನ್ ಕಾಯಲೇಬೇಕು. ರಾತ್ರಿಯಿಡೀ ನಿಂತು ತಣಿದ ಎಂಜಿನ್ ಸಿಗುವುದು ಬೆಳಿಗ್ಗೆ, ನಮ್ಮ ಮನೆಯಲ್ಲಿ. ಈ ಕೆಲಸ ಮನೆಯದು ಅಂತ ನಾನು ಹಟ ಹಿಡಿಯುವುದು ಇದೊಂದೇ ಕಾರಣಕ್ಕೆ. ದುಡ್ಡು ಉಳಿಸುವುದು ಆಮೇಲಿನ ಮಾತು.

ಜರ್ಮನಿಯಲ್ಲಿ ಶುರುವಾಗುವುದೇ ದುಡ್ಡಿನಿಂದ. ವರ್ಕ್‌ಶಾಪಿನ ಕೂಲಿ ಗಂಟೆಗೆ ನೂರು ಯೂರೋ ದಾಟುವುದು ಸಾಮಾನ್ಯ. ಹಾಗಾಗಿ ಬ್ಯಾಂಕಿನಲ್ಲಿ ಕೆಲಸ ಮಾಡುವವರೂ, ಮೇಷ್ಟರೂ ತಾವೇ ಪಾನಾ ಹಿಡಿಯುತ್ತಾರೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುತ್ತಾರೆ, ಆಗ ಎಷ್ಟೋ ಜನ ಸ್ಕೂಟರನ್ನು ಒಳಗೆ ನಿಲ್ಲಿಸಿಬಿಡುತ್ತಾರೆ. ವರ್ಷದ ಕೆಲವು ತಿಂಗಳಿಗೆ ಮಾತ್ರ ನಡೆಯುವ ನಂಬರ್ ಪ್ಲೇಟ್ ಕೂಡ ಇಲ್ಲಿ ಉಂಟು. ಆ ಬಿಡುವಿನಲ್ಲಿ ಆಯಿಲ್, ಬೆಲ್ಟ್, ಟ್ಯಾಪೆಟ್ ಎಲ್ಲ ನೋಡುತ್ತಾರೆ. ಸದ್ದು ಬಂತಾ ಇಲ್ವಾ ಅಂತ ಕೇಳುವುದೇ ಇಲ್ಲ. ಇಷ್ಟು ಕಿಲೋಮೀಟರ್ ಆಯಿತು, ಅಳೆಯಬೇಕು, ಅಷ್ಟೇ. ಎರಡು ವರ್ಷಕ್ಕೊಮ್ಮೆ 125 ಸಿಸಿ ಗಾಡಿಯನ್ನೂ ತಪಾಸಣೆಗೆ ಒಯ್ಯಬೇಕು. ಅಲ್ಲಿ ಟ್ಯಾಪೆಟ್ ನೋಡುವುದಿಲ್ಲ, ಆದರೆ ಗಾಡಿಯನ್ನು ಲೆಕ್ಕ ಇಟ್ಟು ನೋಡಿಕೊಳ್ಳುವ ಅಭ್ಯಾಸ ಅದರಿಂದಲೂ ಬಂದಿದೆ ಅನ್ನಿಸುತ್ತದೆ.

ಇವರಿಗೆ ಇಲ್ಲದ್ದು ಜಾಗ. ಫ್ಲ್ಯಾಟಿನ ಕೆಳಗಿನ ಪಾರ್ಕಿಂಗಿನಲ್ಲಿ ಎಂಜಿನ್ ಬಿಚ್ಚಲು ಎಷ್ಟೋ ಕಡೆ ಬಿಡುವುದಿಲ್ಲ, ಎಣ್ಣೆ ಬೀಳುತ್ತದೆ ಅಂತ. ಅದಕ್ಕೆ ಊರೂರಿನಲ್ಲಿ ಬಾಡಿಗೆ ವರ್ಕ್‌ಶಾಪುಗಳಿವೆ. ಗಂಟೆಗೆ ಇಷ್ಟು ಅಂತ ಕೊಟ್ಟರೆ ಗಾಡಿ ಎತ್ತುವ ಲಿಫ್ಟ್ ಸಿಗುತ್ತದೆ, ಟೂಲ್ಸ್ ಸಿಗುತ್ತದೆ, ಗೊತ್ತಾಗದಿದ್ದರೆ ಕೇಳಲು ಒಬ್ಬರು ತಿಳಿದವರೂ ಇರುತ್ತಾರೆ. ಮಣಿಪಾಲದಲ್ಲಿ ಇಷ್ಟು ಹುಡುಗರು, ಇಷ್ಟು ಸ್ಕೂಟರುಗಳಿವೆ. ಅಲ್ಲಿ ಇಂಥದ್ದೊಂದು ಬೇಕೇ ಬೇಕು. ನಮ್ಮ ಮನೆಗಳಲ್ಲಿ ಅಂಗಳ ಇದೆ, ಶೀಟಿನ ಮಾಡು ಇದೆ, ಬೆಳಿಗ್ಗೆ ಆರಕ್ಕೆ ಬೆಳಕೂ ಇದೆ. ಇಷ್ಟಿದ್ದೂ ನಾವು ಹೆಡ್ ಕವರ್ ಬಿಚ್ಚುವುದಿಲ್ಲ.

ಯಾಕಿರಬಹುದು ಅಂತ ಯೋಚಿಸಿದ್ದೇನೆ. ನಮ್ಮ ಅಪ್ಪಂದಿರ ಕಾಲದಲ್ಲಿ ಮನೆಯಲ್ಲಿ ಪಾನಾ ಪೆಟ್ಟಿಗೆ ಇತ್ತು. ಬಜಾಜ್ ಚೇತಕ್ ಓಡಿಸುವವರೆಲ್ಲ ಪ್ಲಗ್ ಬಿಚ್ಚಿ ಉಜ್ಜುತ್ತಿದ್ದರು, ಸೈಲೆನ್ಸರಿನ ಕಾರ್ಬನ್ ತೆಗೆಸುತ್ತಿದ್ದರು. ಆದರೆ ಆ ಚೇತಕ್ಕೂ, ಆಮೇಲೆ ಬಂದ ಕೈನೆಟಿಕ್ ಹೋಂಡಾವೂ ಟೂ ಸ್ಟ್ರೋಕ್. ಅವುಗಳಲ್ಲಿ ಈ ವಾಲ್ವೇ ಇಲ್ಲ, ಸಿಲಿಂಡರಿನ ಗೋಡೆಯಲ್ಲಿ ತೂತುಗಳು ಅಷ್ಟೇ. 2001ರಲ್ಲಿ ಆಕ್ಟಿವಾ ಬಂತು, ಫೋರ್ ಸ್ಟ್ರೋಕ್ ಸ್ಕೂಟರ್ ಮನೆಮನೆಗೆ ಹೋಯಿತು. ಪ್ಲಗ್ ಉಜ್ಜುವ ಕೆಲಸ ತಪ್ಪಿತು, ಪೆಟ್ಟಿಗೆ ಅಟ್ಟ ಸೇರಿತು. ಟ್ಯಾಪೆಟ್ ಎನ್ನುವುದನ್ನು ಅಪ್ಪ ಮಗನಿಗೆ, ಮಗಳಿಗೆ ತೋರಿಸಿಕೊಡುವ ಸಂದರ್ಭವೇ ಬರಲಿಲ್ಲ.

ಕಟಪಾಡಿಯಲ್ಲಿರುವ ನನ್ನ ಭಾವ ದಿನಾ ಮಣಿಪಾಲಕ್ಕೆ ಹೋಗಿ ಬರುವವರು. ಅವರ 110 ಸಿಸಿ ಸ್ಕೂಟರ್ ಮಳೆಗಾಲದ ಬೆಳಿಗ್ಗೆ ಸ್ಟಾರ್ಟೇ ಆಗುತ್ತಿರಲಿಲ್ಲ. ಪ್ಲಗ್ ಬದಲಾಯಿತು, ಬ್ಯಾಟರಿ ಬದಲಾಯಿತು, ಕಾರ್ಬುರೇಟರ್ ಕ್ಲೀನ್ ಆಯಿತು. ನಾನು ರಜೆಗೆ ಹೋದಾಗ, "ನಾಳೆ ಬೆಳಿಗ್ಗೆ ಗಾಡಿ ತೆಗೀಬೇಡಿ ಭಾವ, ಟ್ಯಾಪೆಟ್ ನೋಡುವ" ಅಂದೆ. "ಎಂತ ಮಾರಾಯ, ಸೌಂಡೇ ಇಲ್ಲ ಅದರಲ್ಲಿ" ಅಂದರು. ಗೇಜಿನಲ್ಲಿ ಎಲ್ಲಕ್ಕಿಂತ ತೆಳುವಾದ ಎಲೆ 0.05ರದ್ದು. ಎಕ್ಸಾಸ್ಟ್ ಕಡೆ ಅದೂ ಒಳಗೆ ಹೋಗಲಿಲ್ಲ. ಪುಸ್ತಕದ ಅಳತೆಗೆ ತಂದೆವು. ಪುಣ್ಯಕ್ಕೆ ವಾಲ್ವ್ ಸುಟ್ಟಿರಲಿಲ್ಲ. ಮರುದಿನದಿಂದ ಒಂದೇ ಸೆಲ್ಫ್‌ಗೆ ಸ್ಟಾರ್ಟ್.

ಮಾಡುವ ಕ್ರಮ ಕಷ್ಟದ್ದಲ್ಲ, ಆದರೆ ಅವಸರ ಸಲ್ಲದು. ಉಪ್ಪು ಗಾಳಿಗೆ ನಮ್ಮಲ್ಲಿ ಬೋಲ್ಟುಗಳು ತುಕ್ಕು ಹಿಡಿದಿರುತ್ತವೆ, ಹಿಂದಿನ ಸಂಜೆಯೇ ಅವಕ್ಕೆ ಎರಡು ಹನಿ ಎಣ್ಣೆ ಬಿಡಿ. ಬೆಳಿಗ್ಗೆ ಸೀಟಿನ ಕೆಳಗಿನ ಡಿಕ್ಕಿ ಬಿಚ್ಚಿ ತೆಗೆದರೆ ಎಂಜಿನ್ ಕಾಣುತ್ತದೆ. ಹೆಡ್ ಕವರಿನ ಸುತ್ತಲಿನ ಕೆಂಪು ಧೂಳನ್ನು ಮೊದಲು ಒರೆಸಿ, ಅದು ಒಳಗೆ ಬಿದ್ದರೆ ತೊಂದರೆ. ಜಡಿಮಳೆಯ ದಿನ ಮಾಡಿನಿಂದ ನೀರು ಸಿಡಿಯುವ ಕಡೆ ಬಿಚ್ಚಲೇಬೇಡಿ. ಪ್ಲಗ್ ತೆಗೆದರೆ ಎಂಜಿನ್ನನ್ನು ಕೈಯಲ್ಲೇ ಹಗುರಾಗಿ ತಿರುಗಿಸಬಹುದು.

ಆಮೇಲೆ ಮುಖ್ಯವಾದದ್ದು ಟಿಡಿಸಿ, ಅಂದರೆ ಪಿಸ್ಟನ್ ಹೆಡ್ಡಿನ ಕಡೆ ತೀರಾ ಕೊನೆಗೆ ಬಂದಿರುವ ಜಾಗ. ಫ್ಯಾನ್ ಕವರ್ ತೆಗೆದು ಫ್ಲೈವೀಲಿನ ಗುರುತನ್ನು ಎಂಜಿನ್ನಿನ ಗುರುತಿಗೆ ಸೇರಿಸಬೇಕು. ಆಗ ಎರಡೂ ರಾಕರುಗಳು ಬೆರಳಿಗೆ ಸ್ವಲ್ಪ ಆಡಬೇಕು. ಆಡದಿದ್ದರೆ ಅದು ಬೇರೆ ಸ್ಟ್ರೋಕ್, ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ. ಎಂಜಿನ್ ಎರಡು ಸುತ್ತು ಬಂದರೆ ರಾಕರನ್ನು ತಳ್ಳುವ ಕ್ಯಾಮ್ ಒಂದೇ ಸುತ್ತು ಬರುತ್ತದೆ, ಹಾಗಾಗಿ ಗುರುತು ಸೇರಿದ ಮಾತ್ರಕ್ಕೆ ಸಾಲದು. ಆದರೆ ಟ್ಯಾಪೆಟ್ ತೀರಾ ಬಿಗಿಯಾಗಿದ್ದರೆ ಸರಿಯಾದ ಸ್ಟ್ರೋಕಿನಲ್ಲೂ ಆ ರಾಕರ್ ಆಡುವುದಿಲ್ಲ. ಭಾವನ ಗಾಡಿಯಲ್ಲಿ ಹಾಗೇ ಇತ್ತು. ಆಗ ಕ್ಯಾಮ್ ಸ್ಪ್ರಾಕೆಟ್ಟಿನ ಗುರುತನ್ನೂ ನೋಡಿ ಖಚಿತ ಮಾಡಿಕೊಳ್ಳಬೇಕು.

ಗೇಜಿನ ಎಲೆಯನ್ನು ಸಂದಿನಲ್ಲಿ ಎಳೆದರೆ ಸ್ವಲ್ಪ ಹಿಡಿದ ಹಾಗೆ ಆಗಬೇಕು. ಸರ್ರನೆ ಬಂದರೂ ತಪ್ಪು, ಸಿಕ್ಕಿಕೊಂಡರೂ ತಪ್ಪು. ತಿದ್ದಬೇಕಾದರೆ ಲಾಕ್ ನಟ್ ಸಡಿಲಿಸಿ ಸ್ಕ್ರೂ ತಿರುಗಿಸಿ. ನಟ್ ಬಿಗಿ ಮಾಡುವಾಗ ಸ್ಕ್ರೂ ಕೂಡ ಜೊತೆಗೆ ತಿರುಗಿಬಿಡುತ್ತದೆ, ಅದನ್ನು ಅಲುಗದಂತೆ ಹಿಡಿದುಕೊಂಡೇ ಬಿಗಿ ಮಾಡಬೇಕು. ಬಿಗಿ ಮಾಡಿದ ಮೇಲೆ ಮತ್ತೆ ಅಳೆಯಿರಿ. ಎಂಜಿನ್ನನ್ನು ಎರಡು ಸುತ್ತು ತಿರುಗಿಸಿ ಇನ್ನೊಮ್ಮೆ ಅಳೆಯಿರಿ. ಎಕ್ಸಾಸ್ಟ್ ವಾಲ್ವ್ ಕೆಳಗಡೆ ಇರುತ್ತದೆ, ನೆಲದ ಮೇಲೆ ಮಲಗಿಯೇ ನೋಡಬೇಕು. ಕಷ್ಟ ಅಂತ ಅದನ್ನು ಬಿಟ್ಟು ಮೇಲಿನದ್ದು ಮಾತ್ರ ನೋಡಿದರೆ ಪ್ರಯೋಜನವಿಲ್ಲ, ಸುಡುವುದು ಕೆಳಗಿನದ್ದೇ. ಕವರ್ ಹಾಕುವಾಗ ರಬ್ಬರ್ ಗ್ಯಾಸ್ಕೆಟ್ ಗಟ್ಟಿಯಾಗಿದ್ದರೆ ಹೊಸದು ಹಾಕಿ, ಇಲ್ಲದಿದ್ದರೆ ಆಯಿಲ್ ಒಸರುತ್ತದೆ.

ಕೆಲವು ಎಂಜಿನ್‌ಗಳಲ್ಲಿ ಈ ಸ್ಕ್ರೂ ಇರುವುದಿಲ್ಲ, ಶಿಮ್ ಎನ್ನುವ ಲೋಹದ ಸಣ್ಣ ಬಿಲ್ಲೆ ಬದಲಾಯಿಸಬೇಕಾಗುತ್ತದೆ. ಅದು ಗ್ಯಾರೇಜಿನ ಕೆಲಸವೇ.

ಫೀಲರ್ ಗೇಜಿಗೆ ದೊಡ್ಡ ದುಡ್ಡೇನೂ ಬೇಡ. ಮಂಗಳೂರಿನ ಬಂದರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿ. ಸ್ವಂತ ಕೈಯಲ್ಲಿ ಮಾಡಲು ಧೈರ್ಯ ಬರದಿದ್ದರೆ ಹಿಂದಿನ ಸಂಜೆಯೇ ಗಾಡಿಯನ್ನು ಗ್ಯಾರೇಜಿನಲ್ಲಿ ಬಿಟ್ಟು ಬನ್ನಿ. "ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಸ್ಟಾರ್ಟ್ ಮಾಡುವ ಮೊದಲು ಟ್ಯಾಪೆಟ್ ಅಳೆದು ಬಿಡಿ ಅಣ್ಣ, ಎಷ್ಟಿತ್ತು ಅಂತ ಬರೆದು ಕೊಡಿ" ಅಂತ ಹೇಳಿ. ನನಗೆ ಗೊತ್ತಿರುವ ಮೆಕ್ಯಾನಿಕ್‌ಗಳಲ್ಲಿ ಯಾರೂ ಇದಕ್ಕೆ ಇಲ್ಲ ಅನ್ನುವವರಲ್ಲ.

ಬರೆದಿಡುವುದನ್ನು ಮಾತ್ರ ಬಿಡಬೇಡಿ. ಕಿಲೋಮೀಟರ್ ಎಷ್ಟು, ತಿದ್ದುವ ಮೊದಲು ಎಷ್ಟಿತ್ತು, ಆಮೇಲೆ ಎಷ್ಟು, ಇಷ್ಟು ಸಾಕು. ಇಲ್ಲಿನವರಿಂದ ನಾನು ಕಲಿತದ್ದರಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಪ್ರತಿ ಸಲ ಸಂದು ಸ್ವಲ್ಪ ದೊಡ್ಡದಾಗಿದ್ದರೆ ರಾಕರ್ ಅಥವಾ ಕ್ಯಾಮ್ ಸವೆಯುತ್ತಿದೆ. ಎಕ್ಸಾಸ್ಟ್ ಕಡೆ 0.15ಕ್ಕೆ ಇಟ್ಟದ್ದು ಮುಂದಿನ ಸಲ 0.13, ಅದನ್ನು ತಿದ್ದಿದ ಮೇಲೆ ಇನ್ನೊಂದು ಸಲ 0.10 ಅಂತ ಸಿಕ್ಕಿದರೆ ವಾಲ್ವ್ ಸೀಟಿನೊಳಗೆ ಇಳಿಯುತ್ತಿದೆ, ಅದೂ ಬೇಗ ಬೇಗ. ಹಾಗಿದ್ದರೆ ಮುಂದಿನ ಅಳತೆಗೆ ಪುಸ್ತಕ ಹೇಳಿದಷ್ಟು ಕಿಲೋಮೀಟರ್ ಕಾಯಬೇಡಿ, ಅದರ ಅರ್ಧಕ್ಕೇ ಬಿಚ್ಚಿ ನೋಡಿ.